ಕಪ್ಪೆಗೆ ಎಂಟಾಣೆ

ಇಬ್ಬನಿ ಎಂದು ಹೆಸರಿಟ್ಟಿದ್ದಾರೆ, ಈ ಏಪ್ರಿಲಿನಲ್ಲಿ
ಎಂಟು ಗಂಟೆಗೇ ಕೆನ್ನೆ ಕೆಂಡವಾಗುವ ಹುಡುಗಿಗೆ.
ಟೋಪಿ, ನೀರಿನ ಬಾಟಲಿ, ಮೊನೆ ಮಾಡಿದ ಪೆನ್ಸಿಲು,
ನಡುವೆ ಗೀಟೆಳೆದ ನೋಟ್‌ಬುಕ್ಕು:
ಎಡಕ್ಕೆ ಕಪ್ಪೆ, ಬಲಕ್ಕೆ ಆಮೆ,
ಎರಡರ ಕೆಳಗೂ ಬರಿ ಬಿಳಿ.

ಲಿಂಗಾಂಬುಧಿ ಕೆರೆ ಒಳಕ್ಕೆ ಸರಿದಿದೆ
ಮುದುಕರ ಒಸಡಿನ ಹಾಗೆ.
ಬಿಟ್ಟುಹೋದ ಕೆಸರು ಹೆಂಚು ಹೆಂಚಾಗಿ ಬಿರಿದು
ಅಂಚು ಮೇಲೆದ್ದು
ತುಳಿದರೆ ಹಪ್ಪಳದ ಸದ್ದು.
ಬೇಕೆಂದೇ ತುಳಿಯುತ್ತಾಳೆ.

"ಬೇಸಿಗೇಲಿ ಕಪ್ಪೆಗಳು ಎಲ್ಲಿಗೆ ಹೋಗ್ತವೆ ತಾತ?"
"ಹಗೇವಿನೊಳಗೆ ರಾಗಿ ಇರ್ತದಲ್ಲ, ಹಂಗೆ, ಮಣ್ಣೊಳಗೆ."
ಹಗೇವು ಅಂದರೇನು ಅಂದಳು.
ಅಲ್ಲಿಂದ ಅರ್ಧ ಫರ್ಲಾಂಗು ರಾಗಿಯದೇ ಮಾತು.

ಆಮೆ ಅಂದುಕೊಂಡದ್ದು ಒಂದು ಕಲ್ಲು.
ಆಮೇಲೊಂದು ತೆಂಗಿನ ಚಿಪ್ಪು.
ಆಮೇಲೆ, ಯಾರದೋ ಬೈಕಿನ ಹೆಲ್ಮೆಟ್ಟು.
ಅದರಾಚೆ ನೀರಿಗೆ ಬಾಗಿ ಬಿದ್ದ ಜಾಲಿಯ ಮೇಲೆ
ಕತ್ತು ಚಾಚಿ, ಹಿಂಗಾಲ ಬೆರಳು ಅಗಲಿಸಿ
ಕೂತಿತ್ತು, ನಿಜವಾದದ್ದು.
ನಾವು ಹೊಂಗೆಯ ನೆರಳಿಗೆ ಅಂಟಿಕೊಂಡ ಹೊತ್ತಲ್ಲಿ
ಅದಕ್ಕೆ ಬಿಸಿಲು ಸಾಲದಾಗಿತ್ತು.
ಪೆನ್ಸಿಲು ತೆಗೆಯುವಷ್ಟರಲ್ಲಿ
ಡುಬುಕ್.
"ಇದು ಲೆಕ್ಕಕ್ಕೆ ಬರುತ್ತಾ?"
"ಬರುತ್ತೆ, ಬರಿ."

ಕಪ್ಪೆ ಮಾತ್ರ ಇಲ್ಲ.
ಜೊಂಡು ಸರಿಸಿದಳು, ಕಲ್ಲು ಮಗುಚಿದಳು,
ಒಂಟಿಕಾಲಲ್ಲಿ ನಿಂತ ಕೊಕ್ಕರೆಯನ್ನು
ನೀನೇ ತಿಂದಿರಬೇಕು ಎಂದು ಬೈದಳು.
ಹತ್ತೂವರೆ. ಬಾಟಲಿ ಖಾಲಿ.
ಏರಿಯ ಮೇಲೆ ಮುಖ ಊದಿಸಿಕೊಂಡು ಕೂತಳು.

ಅವಳಿಗೆ ಹೇಳಿಲ್ಲ.
ಮೂವತ್ತೊಂದು ವರ್ಷ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ
ನಾನು ಅಟೆಂಡರು.
ಮೊದಲ ಮಳೆ ಬಿದ್ದ ರಾತ್ರಿ
ಪೆಟ್ರೋಮ್ಯಾಕ್ಸು, ಗೋಣಿಚೀಲ, ಇದೇ ಏರಿ.
ಕಣ್ಣಿಗೆ ಬೆಳಕು ಬಿದ್ದ ಕಪ್ಪೆ ಅಲ್ಲಾಡುವುದಿಲ್ಲ,
ಸೊಪ್ಪು ಕಿತ್ತ ಹಾಗೆ ಕಿತ್ತುಕೊಳ್ಳಬಹುದು.
ತಲೆಗೆ ಎಂಟಾಣೆ, ಸಂಬಳದ ಮೇಲೆ.
ಬೆಳಿಗ್ಗೆ ಕ್ಲೋರೋಫಾರಂ, ಮೇಣದ ತಟ್ಟೆ, ಗುಂಡುಸೂಜಿ,
ಬಿಳಿ ಕೋಟಿನ ಮಕ್ಕಳು.
ಎದೆ ತೆರೆದ ಮೇಲೂ ಗುಂಡಿಗೆ ಬಡಿಯುತ್ತಿರುತ್ತದೆ;
ಅವರು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು.
ಸಂಜೆ ಬಕೆಟ್ಟು ಹೊರಗೆ ಒಯ್ಯುವುದು ನನ್ನ ಕೆಲಸ.
ಇವಳಮ್ಮನ ಯೂನಿಫಾರಂ, ಫೀಜು, ಎರಡು ಜಡೆಯ ರಿಬ್ಬನ್ನು
ಎಲ್ಲ ಅದರಲ್ಲೇ.
ಪಾಪ ಅನ್ನಿಸಲಿಲ್ಲ ಎಂದರೆ ಸುಳ್ಳು,
ಅನ್ನಿಸಿತು ಎಂದರೂ ಸುಳ್ಳೇ.
ಮೋಡ ಕಟ್ಟಿದರೆ ಚೀಲ ಕೊಡವಿ ಇಡುತ್ತಿದ್ದೆ, ಅಷ್ಟೆ.

"ಏಳು," ಅಂದೆ.
ಗೇಟಿನ ಹತ್ತಿರ, ಕಾವಲುಗಾರನ ಶೆಡ್ಡಿನ ಹಿಂದೆ
ತೊಟ್ಟಿಕ್ಕುವ ನಲ್ಲಿ, ಅದರ ಬುಡಕ್ಕೆ ವಾಲ್ವಿನ ಗುಂಡಿ,
ಮೇಲೊಂದು ಚಪ್ಪಡಿ.
ಓರೆ ಮಾಡಿದೆ.
ತಂಪು ಮೊಣಕೈವರೆಗೆ ಏರಿತು, ಪಾಚಿಯ ವಾಸನೆ ಸಮೇತ.

ಮೂರು.
ತುಕ್ಕು ಹಿಡಿದ ಚಕ್ರಕ್ಕೆ ಒತ್ತಿಕೊಂಡು, ಒಂದರ ಮೇಲೊಂದು,
ಗಂಟಲು ಮಾತ್ರ ಆಡುತ್ತಾ.
ಅವಳು ಉಸಿರಾಡಲಿಲ್ಲ.
ನನ್ನ ಬಲಗೈ ಆಗಲೇ ಹಳೆಯ ಆಕಾರಕ್ಕೆ ಬಂದಿತ್ತು:
ಹೆಬ್ಬೆರಳು ಬೆನ್ನಿಗೆ, ಎರಡು ಬೆರಳು ಹಿಂಗಾಲ ಸಂದಿಗೆ.
ಜೇಬಿಗೆ ಹಾಕಿಕೊಂಡೆ.

"ಮುಟ್ಲಾ?"
"ಬೇಡ, ನಮ್ಮ ಕೈ ಅವಕ್ಕೆ ಸುಡುತ್ತೆ."
ತನ್ನ ಅಂಗೈಯನ್ನೇ ತಿರುವಿ ನೋಡಿಕೊಂಡಳು,
ಅದರಲ್ಲಿ ಒಲೆ ಇದೆಯೋ ಎಂಬಂತೆ.

ಎಡಕ್ಕೆ ಮೂರು ಗೀಟು. ಮೂರನೆಯದು ಸೊಟ್ಟ.
"ಇಲ್ಲಿರ್ತವೆ ಅಂತ ಹೇಗೆ ಗೊತ್ತಾಯ್ತು ತಾತ?
ಮುಂಚೆ ನೀನು ಎಷ್ಟು ನೋಡಿದ್ದೆ?"
"ಲೆಕ್ಕ ಇಟ್ಟಿಲ್ಲ ಮಗ."

ಇಟ್ಟಿದ್ದೆ.
ನೀಲಿ ರಟ್ಟಿನ ರಿಜಿಸ್ಟರು, ತಿಂಗಳು ತಿಂಗಳು,
ಪ್ರತಿ ಪುಟದ ಕೆಳಗೆ ನನ್ನದೇ ಸಹಿ.

"ಪೂರ್ತಿ ಮುಚ್ಚಬೇಡ," ಅಂದಳು.
ಚಪ್ಪಡಿ ಎಳೆದೆ
ಒಂದು ಬೆರಳಗಲ ಬಿಟ್ಟು.