ಬುಟ್ಟಿಯ ಹಗ್ಗದಷ್ಟು

ಕೊಲ್ಲಾಪುರದವನ ಕ್ರೇನಿಗೆ ದಿನಕ್ಕೆ ಏಳು ಸಾವಿರ,
ಮೇಲೆ ಇಬ್ಬರು ಹುಡುಗರ ಊಟ, ಟೆಂಪೊ ಬಾಡಿಗೆ.
"ಮೂವತ್ತೆರಡು ಅಡಿ ಏರತೈತಿ ಸರ್," ಅಂದ ಫೋನಿನಲ್ಲಿ,
"ಮದವಿ ಮಂಟಪ ರಂಗೋಲಿಯಂಗ ಕಾಣತೈತಿ."
ನಮ್ಮದು ಮದುವೆಯಲ್ಲ, ಅಂದೆ.
"ಮತ್ತೇನು?"
ಹೇಳಲಿಕ್ಕೆ ಬರಲಿಲ್ಲ.

ಹನ್ನೆರಡು ನಿಮಿಷದ ಚಿತ್ರ. ಅದಕ್ಕೆ ಬಂಡವಾಳ
ತಬಸ್ಸುಮಳ ಎರಡು ಸೀಜನ್ನಿನ ಗಳಿಕೆ, ನನ್ನ ಸ್ಕೂಟರು.
ಮೊಬೈಲಿನಲ್ಲಿ ಇನ್ನೊಂದು ನೋಡಿದೆವು, ಅಲ್ಯೂಮಿನಿಯಮ್ಮಿನದು:
ಮಡಚಿದರೆ ಕೊಡೆಯಷ್ಟು, ಚೀಲದಲ್ಲಿ ಹೆಗಲಿಗೆ.
ತಬಸ್ಸುಮ್ ಚಿತ್ರವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ,
"ಇದು ಬೆಳಗಾವಿ ಗಾಳಿ ನೋಡಿಲ್ಲ" ಅಂದಳು.

ಉದ್ಯಮಬಾಗಿನಲ್ಲಿ ನೇಮಣ್ಣ ಚೌಗುಲೆಯ ಶೆಡ್ಡು.
ಲೇತಿನ ಸುರುಳಿಚೂರು ಚಪ್ಪಲಿಗೆ ಚುಚ್ಚುತ್ತಿದ್ದವು.
ಖಡುವಿನಿಂದ ನೆಲದ ಮೇಲೊಂದು ಗೆರೆ ಎಳೆದ, ಚುಕ್ಕೆ ಇಟ್ಟ.
"ಇದು ಗೂಟ. ಮುಂದಿನ ಕೈ ಮೂರು ಪಟ್ಟು ಚಾಚಿದ್ರ
ಹಿಂದಿನ ಕೈ ಮೂರು ಪಟ್ಟು ಹೊರಬೇಕು.
ಉದ್ದ ಪುಕ್ಕಟ ಸಿಗೂದಿಲ್ಲ ತಮ್ಮಾ. ಎತ್ತರ ಹೇಳು."
ಇಪ್ಪತ್ತು ಅಡಿ, ಅಂದೆ.
"ಯಾಕ?"
ಹದಿನೆಂಟು.
ಖಡುವನ್ನು ಕಿವಿಗೆ ಸಿಕ್ಕಿಸಿ ಚಹಾ ತರಿಸಿದ.
"ಅಲ್ಲಿ ಮ್ಯಾಲ ಏನೈತಿ, ಮೊದಲ ನೋಡಿ ಬಾ.
ಆಮ್ಯಾಲೆ ಪೈಪ್ ಕೊಯ್ಯೂಣು."

ಭಡಕಲ್ ಗಲ್ಲಿ. ಮಾಳಿಗೆಯ ಗ್ಯಾಲರಿಯಲ್ಲಿ ಚಂಪಕ್ಕ
ಸೀರೆಗೆ ಫಾಲ್ ಹಚ್ಚುತ್ತಾಳೆ. ಮೊಣಕಾಲಿಗೂ ಮೆಟ್ಟಿಲಿಗೂ
ಮಾತು ಬಿಟ್ಟು ನಾಲ್ಕು ವರ್ಷ.
ಗಿರಾಕಿಗಳು ಕೆಳಗಿಂದ ಕೂಗುತ್ತಾರೆ, ಬುಟ್ಟಿ ಇಳಿಯುತ್ತದೆ,
ಇಳಕಲ್ಲು, ಶಾಪುರದ್ದು, ಸಿಂಥೆಟಿಕ್ಕು ಏರುತ್ತವೆ,
ಒಮ್ಮೊಮ್ಮೆ ಚಿಲ್ಲರೆಯ ಜೊತೆ ಕೊತ್ತಂಬರಿ.
ನಮ್ಮ ಚಿತ್ರದ ಕೊನೆಯಲ್ಲಿ ಒಂದು ಸೀರೆ ಹಾಗೆ ಏರುತ್ತದೆ,
ಕ್ಯಾಮರಾ ಅದರ ಪಕ್ಕಪಕ್ಕಕ್ಕೇ.
ಕೋಟೆ, ಕೆರೆ, ಇಡೀ ಊರಿನ ಹಂಚು
ನನ್ನ ನೋಟ್‌ಬುಕ್ಕಿನಲ್ಲಷ್ಟೇ ಇದ್ದವು.

ಟೇಪು ಮರೆತು ಬಂದಿದ್ದೆ. "ಹಗ್ಗ ಅಳೀರಿ," ಅಂದಳು,
ಬುಟ್ಟಿಯನ್ನು ನೆಲ ಮುಟ್ಟುವ ತನಕ ಬಿಟ್ಟಳು.
ಕಂಬಿಯ ಗಂಟಿನಿಂದ ಕಲ್ಲುಹಾಸಿನವರೆಗೆ, ನನ್ನ ಮೊಳದಲ್ಲಿ
ಎಂಟಕ್ಕೆ ಒಂದು ಗೇಣು ಕಡಿಮೆ.

ನೇಮಣ್ಣ ಕೊಯ್ದ: ಮುಂದೆ ಒಂಬತ್ತು ಅಡಿ, ಹಿಂದೆ ಮೂರು.
ಏರುವಾಗ ನೋಟ ಸೊಟ್ಟಾಗದಂತೆ ಕೆಳಗೊಂದು ಜೋಡು ಸರಳು,
ತಿರುಗುವಲ್ಲಿ ಹಳೇ ಸ್ಕೂಟರಿನ ಬೇರಿಂಗು
(ನನ್ನದಿರಲಿಕ್ಕಿಲ್ಲ).
ಬಣ್ಣ ಹಚ್ಚಲಿಲ್ಲ. "ಬಣ್ಣಾನೂ ತೂಕನ ಅಲ್ಲೇನು?"

ತೂಕಕ್ಕೆ ರವಿವಾರ ಪೇಟೆ. ಮುರಿಗೆಪ್ಪ ಸಾವಕಾರರ ಅಡತಿಯಲ್ಲಿ
ಎಲೆಕ್ಟ್ರಾನಿಕ್ ಕಾಟಾ ಬಂದಂದಿನಿಂದ ಮೂಲೆಗೆ ಬಿದ್ದ
ಐದು ಕಿಲೊ, ಎರಡು ಕಿಲೊ ಕಬ್ಬಿಣ. ಬುಡದಲ್ಲಿ ಸೀಸ,
ಸೀಸದ ಮೇಲೆ ಇಲಾಖೆಯ ಮುದ್ರೆ, ಅವಧಿ ಮುಗಿದದ್ದು.
"ಇನ್ನೂ ಖರೇನ ಹೇಳ್ತಾವ ಇವು," ಅಂದರು ಸಾವಕಾರರು,
ಒಂದೊಂದನ್ನೂ ರಸೀದಿಯಲ್ಲಿ ಬರೆಸಿಕೊಂಡರು.

ಬೆಳಿಗ್ಗೆ ಏಳು. ಹಾಲಿನ ಸೈಕಲ್ಲು ದಾಟಲಿ ಎಂದು ಕಾದೆವು.
ಧರೆಪ್ಪ ಹಿಂದೆ, ತಬಸ್ಸುಮ್ ಮುಂದೆ.
ಕ್ಯಾಮರಾ ಮೂಗು ನೆಲಕ್ಕೆ ಕುಸಿಯಿತು.
ಸಾಲ ತಂದ ಲೆನ್ಸಿನ ಭಾರ ಲೆಕ್ಕದಲ್ಲಿರಲಿಲ್ಲ.
ಧರೆಪ್ಪ ಜೋತುಬಿದ್ದ: ಏರಿತು, ನಡುಗಿತು.
ಕಲ್ಲು ಕಟ್ಟಿದೆವು, ಹೆಚ್ಚಾಯಿತು.
ನೀರಿನ ಬಾಟಲಿ ಕಟ್ಟಿದೆವು, ಕುಲುಕಿತು.
ಬಿಸಿಲು ಎದುರು ಗೋಡೆಯಲ್ಲಿ ಮೂರು ಇಟ್ಟಿಗೆ ಇಳಿದಿತ್ತು.

ನೋಡುತ್ತ ನಿಂತಿದ್ದ ಚಂಪಕ್ಕ ಒಳಗೆ ಹೋದಳು.
ಬುಟ್ಟಿ ಬಂತು ಮೆಲ್ಲಗೆ, ಹಗ್ಗ ಬಿಗಿದುಕೊಂಡು.
ಅದರಲ್ಲಿ ಅವಳ ಹಳೇ ಇಸ್ತ್ರಿ,
ಕೊರಳಿಗೆ ವೈರು ಸುತ್ತಿದ್ದು, ತಳ ಇನ್ನೂ ಬೆಚ್ಚಗೆ.

ಕಟ್ಟಿದೆವು. ತಬಸ್ಸುಮ್ ಕೈ ಬಿಟ್ಟಳು.
ಬಿಟ್ಟಲ್ಲೇ ನಿಂತಿತು, ನೆಲಕ್ಕೂ ಗ್ಯಾಲರಿಗೂ ನಡುವೆ.
ಎತ್ತಲಿಕ್ಕೆ ಒಂದು ಬೆರಳು ಸಾಕಾಯಿತು.

ಎರಡನೇ ಟೇಕಿನಲ್ಲಿ ನಾಯಿ, ಮೂರನೇದರಲ್ಲಿ ಯಾರದೋ ಫೋನು.
ನಾಲ್ಕನೇದರಲ್ಲಿ ಸೀರೆಯ ಜೊತೆಗೇ ಏರಿ, ಕಂಬಿ ದಾಟಿ,
ಅವಳ ಮುಖಕ್ಕೆ ಸರಿಸಮ ಬಂದೆವು.
ಲೆನ್ಸಿನ ಕಡೆ ನೋಡಬ್ಯಾಡ್ರಿ ಎಂದು ಹೇಳಿಕೊಟ್ಟಿತ್ತು. ನೋಡಿದಳು:
"ಇಸ್ತ್ರಿ ಯಾವಾಗ ಕಳಸ್ತೀರಿ?
ಹನ್ನೊಂದಕ್ಕ ಸೀರಿ ಒಯ್ಯಾಕ ಬರ್ತಾರ."

ಅದನ್ನೇ ಇಟ್ಟುಕೊಂಡಿದ್ದೇವೆ.