ಹದಿನೇಳನೆಯ ತಟ್ಟೆ

ಪೆರ್ಲದಲ್ಲಿ ಬಸ್ಸಿಳಿದು ಮೇಲೆ ಹತ್ತಿದರೆ ಪದವು.
ಗೇರುಮರಗಳು ಸಾಲು ಹಿಡಿದು ನಿಂತಿವೆ, ಕೊಯ್ಯುವವರಿಲ್ಲ,
ಹಣ್ಣು ಬಿದ್ದು ಕೊಳೆತು ನೆಲವೆಲ್ಲ ಹುಳಿ.
ತ್ಯಾಂಪಣ್ಣ ಮುಂದೆ, ನಾನು ಹಿಂದೆ.
ನನ್ನ ಚೀಲದಲ್ಲಿ ಸ್ಪಿರಿಟ್ಟು, ಚಮಚ, ಐಸಿನ ಡಬ್ಬಿ.

ಇಲ್ಲಿ ನಿಂತು ಬಾವುಟ ಬೀಸುತ್ತಿದ್ದೆ, ಅಂದರು.
ಹೆಲಿಕಾಪ್ಟರಿಗೆ ಸಾಲು ತಪ್ಪಬಾರದಲ್ಲ.
ದಿನಗೂಲಿಯ ಮೇಲೆ ಒಂದು ಬೈರಾಸು, ಒಂದು ಸಾಬೂನು.
ಬಾವಿಗೆ ಮಡಲು ಮುಚ್ಚಿ ಎಂದು ಜೀಪಿನಲ್ಲಿ ಕೂಗಿ ಹೋದರು.
ನಮ್ಮದು ಸುರಂಗ.
ಗುಡ್ಡೆಯ ಹೊಟ್ಟೆಯಿಂದ ಬರುವ ನೀರಿಗೆ
ಎಲ್ಲಿಂದ ಮುಚ್ಚುವುದು ಹೇಳಿ.

ಹೆಚ್ಚು ಚೆಲ್ಲಿದ್ದು ಎಲ್ಲಿ? ಕೇಳಿದೆ.
ಅವರ ಕಾಲು ನಿಂತಿತು.
ಅದು ಯಾಕೆ ನಿಮಗೆ?
ತಿನ್ನುವವರು ಅಲ್ಲೇ ಇರುತ್ತಾರೆ, ತ್ಯಾಂಪಣ್ಣ.
ವಿಷ ಕಾಣದ ಮಣ್ಣಿನಲ್ಲಿ ಅವರು ಸಿಗುವುದಿಲ್ಲ.
ಬೇರೇನೂ ಇಲ್ಲದೆ, ಹಸಿದೂ ಹಸಿದೂ
ಇದನ್ನೇ ಉಣ್ಣಲು ಕಲಿತವರು ಬೇಕು.

ಒಂದು ಬೀಡಿ ಮುಗಿಯುವಷ್ಟು ಹೊತ್ತು.
ಆಮೇಲೆ ಮುರಕಲ್ಲಿನ ಒಂದು ತಗ್ಗು ತೋರಿಸಿದರು,
ಮುಳಿಹುಲ್ಲು ಕೂಡ ಅಲ್ಲಿ ಮೂರೇ ಎಳೆ.
ಡ್ರಮ್ಮು ತೊಳೆದ ಜಾಗ. ತೊಳೆದದ್ದು ನಾನೇ.
ಚಮಚ ಕೇಳಿ ತೆಗೆದುಕೊಂಡು ತಾವೇ ಕೆರೆದರು,
ಗೇಣು ಆಳ, ಅವಸರವಿಲ್ಲದೆ,
ಕೈ ಮಾತ್ರ ಸ್ವಲ್ಪ ನಡುಗಿತು.

ಫಾರಂ ಮಲಯಾಳದಲ್ಲಿ, ಲೇಬಲ್ಲು ಇಂಗ್ಲಿಷಿನಲ್ಲಿ,
ದಾರಿಯುದ್ದ ಆಡಿದ ಮಾತು ತುಳುವಿನಲ್ಲಿ.
ತಟ್ಟೆಗಳ ಅಡಿಗೆ ಮಾತ್ರ ನಾನು ಮಾರ್ಕರಿನಲ್ಲಿ
ಕನ್ನಡದ ಅಂಕಿ ಬರೆದೆ, ೧ರಿಂದ ೪೦.
ಸಕ್ಕರೆ ಹಾಕಲಿಲ್ಲ, ಪಿಷ್ಟ ಹಾಕಲಿಲ್ಲ.
ಗಂಧಕ ಬೇಕೆಂದರೆ ಎಂಡೋಸಲ್ಫಾನನ್ನೇ ಒಡೆಯಬೇಕು,
ಅದೊಂದೇ ಬಡಿಸಿದ್ದು.

ಐದನೆಯ ದಿನ ೪ರಲ್ಲಿ ಬೆಳೆದದ್ದಕ್ಕೆ ಕುಣಿದಾಡಿದೆ.
ಮೆಷಿನು ಹೇಳಿತು: ಒಂದು ತುತ್ತು ಕಚ್ಚಿ ಬಿಟ್ಟಿದೆ.
ಕಚ್ಚಿ ಬಿಟ್ಟ ವಿಷವೂ ವಿಷವೇ,
ಹೆಸರು ಮಾತ್ರ ಇನ್ನಷ್ಟು ಉದ್ದ.
ಮೇಡಂ ಏನೂ ಅನ್ನಲಿಲ್ಲ, ಚಹಾ ತರಿಸಿದರು.

೧೭ರಲ್ಲಿ ಹನ್ನೊಂದನೆಯ ದಿನ
ಅರ್ಧ ಸಾಸಿವೆಯಷ್ಟು ಒಂದು ಚುಕ್ಕೆ,
ಗಂಜಿ ತೆಳಿಯ ಬಣ್ಣ.
ಇದು ಉಂಗುರವನ್ನೇ ಬಿಚ್ಚಿತ್ತು.
ಮೂರು ಸಲ ಮತ್ತೆ ಮಾಡಿದೆವು. ಮೂರು ಸಲವೂ.

ತ್ಯಾಂಪಣ್ಣ ಇಸ್ತ್ರಿ ಅಂಗಿ ಹಾಕಿ ನೋಡಲು ಬಂದರು.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕನ್ನಡಕ ತೆಗೆದು, ಮತ್ತೆ ಇಟ್ಟು,
ಇಷ್ಟೇಯಾ? ಅಂದರು.
ಆಮೇಲೆ, ನನ್ನ ಕಡೆ ತಿರುಗದೆಯೇ:
ನಮ್ಮ ಅಕ್ಕನ ಮಗಳು ಗಿರಿಜಳಿಗೆ ಮೂವತ್ತಾಯಿತು,
ಇನ್ನೂ ಎತ್ತಿಯೇ ಮೀಯಿಸಬೇಕು.
ಮೈಯೊಳಗಿನದ್ದನ್ನು ಇದು...

ಇಲ್ಲ, ಅಂದೆ. ಮಣ್ಣಿನದ್ದು ಮಾತ್ರ.
ಅದೂ ತಟ್ಟೆಯಲ್ಲಿ. ಪದವಿನ ಬಿಸಿಲಲ್ಲಿ,
ಮಳೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ.

ತಲೆಯಾಡಿಸಿದರು. ಹೋಗಲು ಎದ್ದವರು
ಬಾಗಿಲ ಹತ್ತಿರ ನಿಂತು ಕೇಳಿದರು:
ಇವತ್ತು ಊಟ ಕೊಟ್ಟದ್ದುಂಟಾ ಅದಕ್ಕೆ?

ಕೊಟ್ಟಿರಲಿಲ್ಲ.
ಸೀಸೆಯ ಮುಚ್ಚಳ ತೆರೆದೆ, ಎರಡು ಹನಿ.
ಅವರು ಹೆಗಲ ಬೈರಾಸು ಎಳೆದು ಮೂಗು ಮುಚ್ಚಿಕೊಂಡರು.
ಆ ಕಾಲಕ್ಕೆ ಮುಚ್ಚುತ್ತಿರಲಿಲ್ಲವಂತೆ.