ನಡುವಿನ ಮೀನು

ಪಿಕೀನಿನ ಮರಳಂಗಳದಲ್ಲಿ ಒಂದೇ ಬೋಗುಣಿ,
ಸುತ್ತ ಆರು ಮಂದಿ, ಆರು ಬಲಗೈ.
ಅವರವರ ಮುಂದಿನ ಅನ್ನ ಅವರವರದು;
ನಡುವಿನ ಮೀನು ಮಾತ್ರ ಅಮ್ಮನ ವಶ.
ಬೆರಳಲ್ಲೇ ಮುಳ್ಳು ಬಿಡಿಸಿ, ಮುರಿದು,
ಒಬ್ಬೊಬ್ಬರ ಕಡೆಗೆ ಚಿಮ್ಮುತ್ತಾಳೆ
ಕಣ್ಣಂದಾಜಿನಲ್ಲಿ.

ನಾನು ನರ್ಸಿಂಗ್ ಎರಡನೇ ವರ್ಷ.
ಲಂಗದ ಜೇಬಿನಲ್ಲಿ ಮಡಚಿದ ಪ್ರೋಟೀನಿನ ಕೋಷ್ಟಕ.
ಕೂತು ಹೊಲಿಯುವ ಮೊಮಾರ್ ಮಾಮ, ಅರವತ್ತು ಕಿಲೋ:
ಕಿಲೋಗೆ ಮುಕ್ಕಾಲು ಗ್ರಾಂ, ಮೇಲೆ ತುಸು,
ದಿನಕ್ಕೆ ನಲವತ್ತೆಂಟಾದರೆ ನಡೆದೀತು.
ಬಂದರಿನಲ್ಲಿ ಐಸು ಹೊರುವ ತೆನಿಂಗ್ ಚಿಕ್ಕಮ್ಮನಿಗೆ
ಒಂದರ ಮೇಲೆ.
ಅಣ್ಣ ಬಿರಾಮ್, ನೂರಹತ್ತು ಕಿಲೋದ ಜಟ್ಟಿ,
ಬೆಳಗಾದರೆ ಕಡಲಂಚಿನಲ್ಲಿ ಲಾರಿ ಟೈರು ಎಳೆಯುವವನು:
ಒಂದು ಪಾಯಿಂಟ್ ಆರು. ಗುಣಿಸಿದರೆ ನೂರೆಪ್ಪತ್ತಾರು.
ಬೋಗುಣಿಯ ಮೀನೆಲ್ಲ ಅವನೊಬ್ಬನಿಗೇ ಸಾಲದು.
ಒಳ್ಳೆಯ ಚೋಫ್ ಹಡಗು ಹತ್ತಿ ಹೋಯಿತು;
ನಮಗೆ ಮುಳ್ಳೇ ಮುಳ್ಳಿನ ಯಾಬೋಯ್,
ರಾತ್ರಿಗೆ ಅಲಸಂದೆ.

ಅಜ್ಜಿ ಜೋಜೋ, ನಲವತ್ತೈದು ಕಿಲೋ,
ತನ್ನ ಚೂರನ್ನು ದಿನಾ ಅನ್ನದಡಿಯಿಂದ
ಬಿರಾಮನ ಕಡೆ ಸದ್ದಿಲ್ಲದೆ ತಳ್ಳುತ್ತಾಳೆ:
"ಕುಸ್ತಿ ಅವನದು. ನಾನು ಕೂತವಳು."

ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದಿದ್ದೆ:
ಮುದುಕಿ, ಕೂತವಳು, ಮೂವತ್ತಾರು ಗ್ರಾಂ.
ಮೇಷ್ಟ್ರು ಕೆಂಪು ಗೀಟೆಳೆದು ಪಕ್ಕದಲ್ಲಿ ಬರೆದರು:
ಮುಪ್ಪಿನ ಸ್ನಾಯುವಿಗೆ ಕಿವಿ ಮಂದ,
ಅದಕ್ಕೆ ಕೂಗಿ ಹೇಳಬೇಕು.
ಐವತ್ತನಾಲ್ಕು. ಮೊಮಾರ್ ಮಾಮನಿಗಿಂತ ಆರು ಹೆಚ್ಚು.

ಹೋದ ತಿಂಗಳು ನಲ್ಲಿಯ ಹತ್ತಿರ ಬಿದ್ದಳು.
ನಮ್ಮ ಕಣದಲ್ಲಿ ಬೆನ್ನು ನೆಲ ಮುಟ್ಟಿದರೆ ಮುಗಿಯಿತು,
ಗೆದ್ದವನು ಡೋಲಿನ ಮುಂದೆ ಕುಣಿಯುತ್ತಾನೆ.
ಅಂದು ಕುಣಿಯಲು ಎದುರಾಳಿಯೇ ಇರಲಿಲ್ಲ.
ಮಣ್ಣಾಗಲು ಮೀಸೆಯಿಲ್ಲ; ಮೊಣಕೈ ಮಣ್ಣಾಗಿತ್ತು.
ಈಗ ಮೋಟು ಮಣೆಯಿಂದ ಏಳುವುದೆಂದರೆ
ಮೂರು ಸಲ ಮುಂದಕ್ಕೆ ತೂಗಿ,
ಬಿಸ್ಮಿಲ್ಲಾ ಎಂದು, ನಾಲ್ಕನೆಯದಕ್ಕೆ ನಿಲ್ಲುತ್ತಾಳೆ.
ಇದು ಕುಸ್ತಿಯಲ್ಲದೆ ಇನ್ನೇನು?

ಹೇಳಿದೆ. ಕೋಷ್ಟಕ ಬಿಡಿಸಿಯೂ ತೋರಿಸಿದೆ,
ಎಣ್ಣೆಯ ಕಲೆ ಬಿತ್ತು.
ಅಮ್ಮ ಕಾಗದ ನೋಡಲಿಲ್ಲ;
ಹೊಟ್ಟೆಭಾಗದ ಮೆತ್ತನೆಯ ತುಂಡನ್ನು ಅಜ್ಜಿಯ ಮುಂದಿಟ್ಟಳು.
ಅಜ್ಜಿಯ ಬೆರಳು ತಳ್ಳಲು ಹೊರಟಿತು.
ಬಿರಾಮ್ ತನ್ನ ದಪ್ಪ ಹೆಬ್ಬೆರಳಿಂದ
ಅನ್ನದಲ್ಲೊಂದು ಒಡ್ಡು ಕಟ್ಟಿ ಕೂತ.

ಸೋತವಳು ಬಹಳ ಹೊತ್ತು ಅಗಿದಳು,
ನನ್ನನ್ನೇ ದುರುಗುಟ್ಟಿ ನೋಡುತ್ತಾ.
"ಲೆಕ್ಕ ಹೇಳುವವರಿಗೆ ಎಷ್ಟಂತೆ?" ಎಂದಳು,
ಬಾಯಲ್ಲಿ ಮೀನು ಇಟ್ಟುಕೊಂಡೇ.